ಯಂತ್ರಮರ್ದನವೂ ಅಂತರ್ಲೋಹಗಳ ಸ್ಫಟಿಕಕ್ರಮವೂ

ಬೀಸು, ರುಬ್ಬು, ಕುಟ್ಟು, ತೇಯು, ಅರೆ ಎಂಬ ಕನ್ನಡ ಧಾತುಗಳು ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲತಕ್ಕವುಗಳಲ್ಲ. ಒಣಕಾಳನ್ನು ಬೀಸುವರು, ನೆನೆದುದನ್ನು ರುಬ್ಬುವರು, ಮೆಣಸಿನಕಾಯನ್ನು ಕುಟ್ಟುವರು, ಗಂಧವನ್ನು ತೇಯುವರು, ಔಷಧವನ್ನು ಅರೆಯುವರು. ಧಾರವಾಡದ ಕಡೆಯ ಮನೆಗಳಲ್ಲಿ ಬೀಸುಕಲ್ಲು, ಒಳಕಲ್ಲು, ಸಾಣೆಕಲ್ಲು, ಕಲಬತ್ತು ಎಂದು ಈ ಕ್ರಿಯೆಗಳಿಗೆ ಉಪಕರಣಗಳೂ ಬೇರೆ ಬೇರೆಯಾಗಿಯೇ ಇದ್ದವು. ಆದರೆ ಈ ಎಲ್ಲ ಶಬ್ದಗಳ ಹಿಂದೆ ಒಂದು ಸಾಮಾನ್ಯವಾದ ನಂಬಿಕೆ ಉಂಟು. ಅದಾವದೆಂದರೆ, ವಸ್ತುವು ಎಷ್ಟು ನುಣ್ಣಗಾದರೂ ತನ್ನ ಸ್ವಭಾವವನ್ನು ಬಿಡುವದಿಲ್ಲ, ಜೋಳವು ಹಿಟ್ಟಾದ ಮೇಲೆಯೂ ಜೋಳವೇ ಸರಿ, ಎಂಬುದು. ಒಡೆಯುವದರಿಂದ ಗಾತ್ರವು ಕುಂದುವದು, ಗುಣವು ಕೆಡದು ಎಂದು ಪಾಕಶಾಲೆಯಲ್ಲಿ ಕಲಿತ ಈ ಪಾಠವನ್ನು ಲೋಹಗಳಿಗೆ ಹಚ್ಚಲು ಹೋದರೆ ಅದು ಸುಳ್ಳಾಗುವದೆಂಬುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಿಶ್ಚಿತವಾಯಿತು. ಎರಡು ಲೋಹಗಳು ಕ್ರಮಬದ್ಧವಾಗಿ ಕೂಡಿದ ಘನವಸ್ತುವನ್ನು ಉಕ್ಕಿನ ಗುಂಡುಗಳ ಸಂಗಡ ಯಂತ್ರದಲ್ಲಿ ಹಲವು ತಾಸು ಅರೆದರೆ, ಅದರ ಪರಮಾಣುಗಳ ಜೋಡಣೆಯೇ ಬದಲಾಗುವದು; ಕೆಲವು ಸಲ ಸ್ಫಟಿಕವೆಂಬ ಹೆಸರಿಗೂ ಅದು ಅರ್ಹವಾಗಿ ಉಳಿಯದು.

ಈ ಕ್ರಿಯೆಗೆ ಪ್ರಕೃತ ಲೇಖನದಲ್ಲಿ 'ಯಂತ್ರಮರ್ದನ'ವೆಂಬ ಹೆಸರನ್ನು ಇಟ್ಟುಕೊಂಡಿದೆ. ಕುಟ್ಟುವದೂ ಅರೆಯುವದೂ ಈ ಯಂತ್ರದಲ್ಲಿ ಏಕಕಾಲಕ್ಕೆ ನಡೆಯುವದರಿಂದ ಅಚ್ಚಗನ್ನಡದ ಒಂದೇ ಧಾತುವು ಇದಕ್ಕೆ ಸಾಲದು. ರಸಶಾಸ್ತ್ರದಲ್ಲಿ ಪಾದರಸದ ಸಂಸ್ಕಾರಗಳೊಳಗೊಂದಕ್ಕೆ ಮರ್ದನವೆಂಬ ಹೆಸರು ಮೊದಲೇ ರೂಢವಾಗಿದೆ. (ಧಾತುವೆಂಬ ಶಬ್ದವು ವೈಯಾಕರಣರಿಗೂ ಲೋಹಶಾಸ್ತ್ರಜ್ಞರಿಗೂ ಸಮಾನವಾದ ಸ್ವತ್ತಾಗಿರುವದರಿಂದ, ಗೊಂದಲವಾಗದಂತೆ ಇನ್ನು ಮುಂದೆ ಅದನ್ನು ಬಿಟ್ಟು ಮೂಲವಸ್ತು ಎಂಬ ಶಬ್ದವನ್ನೇ ಬಳಸಲಾಗುವದು.)

ಮೊದಲು ಅಂತರ್ಲೋಹವೆಂದರೇನೆಂಬುದನ್ನು ತಿಳಿಯಬೇಕು. ತಾಮ್ರದ ತಂಬಿಗೆಯು ಕೈಜಾರಿ ಬಿದ್ದರೆ ತಗ್ಗು ಬೀಳುವದು. ತವರ ಹೆಚ್ಚಾಗಿ ಬೆರೆತ ಕಂಚಿನ ಗಂಟೆಯು ಬಿದ್ದರೆ ಬಿರಿಯುವದು. ತಾಮ್ರವೂ ಮೆತ್ತಗಿನ ಲೋಹ, ತವರವಂತೂ ಇನ್ನೂ ಮೆತ್ತಗಿನದು. ಎರಡು ಮೆತ್ತಗಿನ ಲೋಹಗಳು ಕೂಡಿ ಬಿರುಸಾದ, ಭಂಗುರವಾದ, ನಾದವುಳ್ಳ ವಸ್ತುವು ಹುಟ್ಟುವ ಕಾರಣವೇನು? ತವರದ ಪ್ರಮಾಣವು ಅಲ್ಪವಾಗಿರುವಾಗ ಅದರ ಪರಮಾಣುಗಳು ತಾಮ್ರದ ಪರಮಾಣುಗಳ ನಡುವೆ ಅಲ್ಲಲ್ಲಿ ಸ್ಥಾನ ಹಿಡಿದು ಕೂಡ್ರುವವು. ಪ್ರಮಾಣವು ಒಂದು ಎಲ್ಲೆಯನ್ನು ಮೀರಿದ ಕೂಡಲೆ ಅವೆರಡೂ ಸೇರಿ ಹೊಸದೊಂದು ಸ್ಫಟಿಕವನ್ನು ಕಟ್ಟುವವು. ಲೋಹಶಾಸ್ತ್ರಜ್ಞರು ಡೆಲ್ಟಾ ಎಂದು ಕರೆಯುವ ಈ ಸ್ಫಟಿಕದಲ್ಲಿ ತಾಮ್ರದ ೪೧ ಪರಮಾಣುಗಳಿಗೆ ತವರದ ೧೧ರಂತೆ ಪ್ರಮಾಣವಿದ್ದು, ಮತ್ತೆ ಮತ್ತೆ ಆವರ್ತಿಸುವ ಅದರ ಒಂದೊಂದು ಘಟಕದಲ್ಲಿಯೂ ೪೧೬ ಪರಮಾಣುಗಳು ಇರುವವು. ಶುದ್ಧ ತಾಮ್ರದ ಘಟಕದಲ್ಲಿರುವವು ನಾಲ್ಕೇ. ಇಂಥ ಜಟಿಲವಾದ ಕಟ್ಟಡದಲ್ಲಿ ಒಂದು ಪದರವು ಇನ್ನೊಂದರ ಮೇಲೆ ಜಾರುವದು ದುಸ್ಸಾಧ್ಯ. ಜಾರಲಾರದ್ದು ಒಡೆಯುವದು. ಲೋಹಗಳೇ ಪರಸ್ಪರ ಕೂಡಿ, ನಿಯತವಾದ ಪ್ರಮಾಣದಲ್ಲಿ ನಿಯತವಾದ ಸ್ಥಾನಗಳನ್ನು ಹಿಡಿದು ಕಟ್ಟಿದ ಇಂಥ ಸ್ಫಟಿಕಗಳಿಗೆ ಅಂತರ್ಲೋಹಗಳೆಂದು ಹೆಸರು.

ಎಲ್ಲ ಅಂತರ್ಲೋಹಗಳೂ ಇಷ್ಟು ಜಟಿಲವಾಗಿರುವದಿಲ್ಲ. ಕಬ್ಬಿಣ ಮತ್ತು ಅಲ್ಯುಮಿನಿಯಮಿನ ಪರಮಾಣುಗಳು ಸಮಸಂಖ್ಯೆಯಲ್ಲಿ ಕೂಡಿದಾಗ ದೊರೆಯುವ ಸ್ಫಟಿಕವು ಅತ್ಯಂತ ಸರಳವಾದುದು. ಒಂದು ಘನಾಕೃತಿಯ ಎಂಟು ಮೂಲೆಗಳಲ್ಲಿ ಕಬ್ಬಿಣ, ನಟ್ಟನಡುವೆ ಅಲ್ಯುಮಿನಿಯಮು. ಘನದ ಒಂದು ಅಂಚಿನ ಉದ್ದವು ಸುಮಾರು ೦.೨೯ ನ್ಯಾನೋಮೀಟರ್, ಎಂದರೆ ಮಿಲ್ಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿನ ಮೂರನೆಯ ಒಂದು ಭಾಗಕ್ಕಿಂತಲೂ ತುಸು ಕಡಿಮೆ. ನಿಕಲ್ ಮತ್ತು ಅಲ್ಯುಮಿನಿಯಮಿನ ಜೋಡಿಯೂ ಹೀಗೆಯೇ ಕೂಡುವದು. ತಾಮ್ರದ ಮೂರು ಪರಮಾಣುಗಳಿಗೆ ಚಿನ್ನದ ಒಂದರಂತೆ ಬೆರೆತ ಮಿಶ್ರಲೋಹದಲ್ಲಿ ಘನದ ಮೂಲೆಗಳಲ್ಲಿ ಚಿನ್ನವೂ ಆರು ಮುಖಗಳ ನಡುವೆ ತಾಮ್ರವೂ ಕೂಡ್ರುವವು.

ಇಲ್ಲಿ ಎರಡು ಬಗೆಯ ಕ್ರಮಗಳನ್ನು ಬೇರ್ಪಡಿಸಿ ನೋಡಬೇಕಾಗಿದೆ. ಪೀಠಗಳು ಎಲ್ಲೆಲ್ಲಿವೆ ಎಂಬುದು ಒಂದು ಕ್ರಮ. ಯಾವ ಪೀಠದಲ್ಲಿ ಯಾರು ಕುಳಿತಿರುವರೆಂಬುದು ಇನ್ನೊಂದು. ಛಂದಸ್ಸನ್ನು ಬಲ್ಲವರಿಗೆ ಈ ಭೇದವು ಸುಲಭವಾಗಿ ಹೊಳೆಯುವದು. ಉತ್ಪಲಮಾಲೆಯ ಒಂದೊಂದು ಪಾದದಲ್ಲಿ ೨೦ ಅಕ್ಷರಗಳು. ಅವುಗಳಲ್ಲಿ ಗುರು ೮, ಲಘು ೧೨. ಈ ಎಂಟು ಗುರುಗಳನ್ನೂ ಹನ್ನೆರಡು ಲಘುಗಳನ್ನೂ ಮನಬಂದಂತೆ ಕಲಸಿ ಇಟ್ಟರೆ ಪಾದದಲ್ಲಿ ಇಪ್ಪತ್ತು ಅಕ್ಷರಗಳೇನೋ ಇರುವವು, ಎಣಿಕೆಯೂ ತಪ್ಪದು. ಆದರೆ ಅದು ಉತ್ಪಲಮಾಲೆಯಲ್ಲವೆಂದು ಕಿವಿಯು ಕೂಡಲೆ ಹೇಳುವದು. ಇನ್ನು ಪಾದವಿಭಾಗವನ್ನೇ ಅಳಿಸಿ, ಅಕ್ಷರಗಳನ್ನು ಎಡೆಬಿಡದೆ ಹರಿಯಗೊಟ್ಟರೆ ಅದು ಗದ್ಯವಾಗುವದು. ಮೊದಲನೆಯದು ಕ್ರಮಬದ್ಧವಾದ ಅಂತರ್ಲೋಹ. ಎರಡನೆಯದು ಪೀಠಗಳು ಉಳಿದು ಆಸನಕ್ರಮವು ಕೆಟ್ಟ, ಎಂದರೆ ವ್ಯತಿಕ್ರಮಗೊಂಡ ಸ್ಫಟಿಕ. ಮೂರನೆಯದು ಗಾಜಿನಂತೆ ಅಸ್ಫಟಿಕವಾದ ಘನವಸ್ತು. ಸಂಯುಕ್ತದ ರಾಸಾಯನಿಕ ಪ್ರಮಾಣವು ಮೂರರಲ್ಲಿಯೂ ಒಂದೇ. ಉಪಮೆಯನ್ನು ಇದಕ್ಕಿಂತ ಮುಂದೆ ಎಳೆಯುವದು ಉಚಿತವಲ್ಲ; ಪದ್ಯದ ಪಾದಕ್ಕೆ ಒಂದೇ ದಿಕ್ಕು, ಸ್ಫಟಿಕಕ್ಕೆ ಮೂರು.

ಈ ಆಸನಕ್ರಮವನ್ನು ಕಣ್ಣಾರೆ ಕಂಡವರಿಲ್ಲದ ಕಾಲದಲ್ಲಿಯೇ ಜರ್ಮನಿಯ ಟಾಮ್ಮನ್ನನು ೧೯೧೯ರಲ್ಲಿ ಅದನ್ನು ಊಹಿಸಿದ್ದನು. ೧೯೧೨ರಲ್ಲಿ ಲೌಯೆಯ ಪ್ರಯೋಗವೂ ಅದರ ಮರುವರ್ಷ ಬ್ರ್ಯಾಗ್ ತಂದೆಮಕ್ಕಳ ಕೆಲಸವೂ ಕ್ಷಕಿರಣಗಳ ಮೂಲಕ ಸ್ಫಟಿಕದ ಒಳಗನ್ನು ಓದುವ ವಿದ್ಯೆಯನ್ನು ತೆರೆದಿದ್ದವು. ಯೊಹಾನ್ಸನ್ ಮತ್ತು ಲಿಂಡೆ ಎಂಬವರು ೧೯೨೫ರಲ್ಲಿ ತಾಮ್ರ-ಚಿನ್ನಗಳ ಮಿಶ್ರಲೋಹದ ಕ್ಷಕಿರಣಚಿತ್ರದಲ್ಲಿ ಸಾಮಾನ್ಯ ರೇಖೆಗಳ ನಡುವೆ ಕೆಲವು ಮಸುಕಾದ ಹೆಚ್ಚಿನ ರೇಖೆಗಳನ್ನು ಕಂಡರು. ಪರಮಾಣುಗಳು ನಿಯತ ಪೀಠಗಳಲ್ಲಿ ಕುಳಿತಿದ್ದರೆ ಮಾತ್ರ ಆ ರೇಖೆಗಳು ಮೂಡುವವು. ಮಿಶ್ರಲೋಹವನ್ನು ಸುಮಾರು ೩೯೦ ಡಿಗ್ರಿಗಿಂತ ಮೇಲಕ್ಕೆ ಕಾಸಿದರೆ ಅವು ಮಾಯವಾಗುವವು. ನಿಧಾನವಾಗಿ ತಣಿಸಿದರೆ ಮರಳುವವು. ಶಾಖದಿಂದ ಕ್ರಮವು ಕೆಡುವದೆಂಬುದು ಹೀಗೆ ಸಿದ್ಧವಾಯಿತು. ಬರಿಯ ಹೊಡೆತದಿಂದಲೂ ಅದು ಕೆಡುವದೇ ಎಂಬ ಪ್ರಶ್ನೆಗೆ ಪೂರ್ಣವಾದ ಉತ್ತರವು ಬರಲು ಇನ್ನೂ ಅರ್ಧಶತಮಾನ ಹಿಡಿಯಿತು.

ಆ ಉತ್ತರವನ್ನು ತಂದ ಯಂತ್ರವು ಬೇರೆಯೇ ಉದ್ದೇಶಕ್ಕಾಗಿ ಬಳಕೆಗೆ ಬಂದದ್ದು. ಅಮೇರಿಕೆಯಲ್ಲಿ ಅಂತರರಾಷ್ಟ್ರೀಯ ನಿಕಲ್ ಕಂಪನಿಯ ಪ್ರಯೋಗಶಾಲೆಯಲ್ಲಿದ್ದ ಜಾನ್ ಬೆಂಜಮಿನ್ನನು ವಿಮಾನದ ಎಂಜಿನುಗಳ ಅತ್ಯುಷ್ಣ ಭಾಗಗಳಿಗಾಗಿ ನಿಕಲ್ ಮಿಶ್ರಲೋಹದೊಳಗೆ ಆಕ್ಸೈಡಿನ ಸೂಕ್ಷ್ಮಕಣಗಳನ್ನು ಸಮವಾಗಿ ಹರಡುವ ಉಪಾಯವನ್ನು ಹುಡುಕುತ್ತಿದ್ದನು. ಕರಗಿಸಿ ಬೆರೆಸಿದರೆ ಆ ಹಗುರಾದ ಕಣಗಳು ತೇಲಿ ಮೇಲೆ ಬರುವವು. ೧೯೬೬ರ ಸುಮಾರಿಗೆ ಅವನು ಲೋಹದ ಹುಡಿಗಳನ್ನೂ ಆಕ್ಸೈಡನ್ನೂ ಗುಂಡುಗಳ ಸಂಗಡ ಪೀಪಾಯಿಯಲ್ಲಿ ಹಾಕಿ ಬಿರುಸಾಗಿ ಅರೆಯಿಸಿದನು. ಹುಡಿಯು ನುಣ್ಣಗಾಗುತ್ತ ಹೋಗುವದರ ಬದಲು ಚಪ್ಪಟೆಯಾಗಿ, ಒಂದಕ್ಕೊಂದು ಬೆಸೆದು, ಮತ್ತೆ ಒಡೆದು, ಮತ್ತೆ ಬೆಸೆದು, ಕೊನೆಗೆ ಒಂದೊಂದು ಕಣದಲ್ಲಿಯೂ ಎಲ್ಲ ಮೂಲವಸ್ತುಗಳು ಸಮನಾಗಿ ಕೂಡಿದ ಮಿಶ್ರಲೋಹವಾಯಿತು. ಒಲೆಯಿಲ್ಲದೆ ಎರಕವಾದಂತೆ!

ಇಂದಿನ ಪ್ರಯೋಗಶಾಲೆಗಳ ಯಂತ್ರವನ್ನು ಎರಡು ಮಾತಿನಲ್ಲಿ ಹೇಳಬಹುದು. ಗಡಸು ಉಕ್ಕಿನ ಮುಚ್ಚಿದ ಭರಣಿ. ಅದರಲ್ಲಿ ಉಕ್ಕಿನ ಗುಂಡುಗಳು, ಹುಡಿಯ ತೂಕಕ್ಕೆ ಸಾಮಾನ್ಯವಾಗಿ ಹತ್ತುಪಟ್ಟು. ಗಾಳಿಯು ಸೋಂಕದಂತೆ ಆರ್ಗಾನ್ ಅನಿಲ. ಭರಣಿಯು ತನ್ನ ಸುತ್ತ ತಾನೂ, ತನ್ನನ್ನು ಹೊತ್ತ ಗಾಲಿಯ ಸುತ್ತಲೂ ಗ್ರಹದಂತೆ ತಿರುಗುವದು. ಎರಡು ಗುಂಡುಗಳು ಡಿಕ್ಕಿಹೊಡೆದ ಪ್ರತಿಯೊಂದು ಸಲ ನಡುವೆ ಸಿಕ್ಕ ಸುಮಾರು ಸಾವಿರ ಕಣಗಳು ಜಜ್ಜಿಹೋಗುವವು. ಹೀಗೆ ಹತ್ತಿಪ್ಪತ್ತು ತಾಸು, ಕೆಲವೊಮ್ಮೆ ನೂರು ತಾಸು. ಗುಂಡುಗಳಿಂದಲೂ ಭರಣಿಯಿಂದಲೂ ಸವೆದ ಕಬ್ಬಿಣವು ಹುಡಿಗೆ ಬೆರೆಯುವದೆಂಬುದು ಈ ವಿಧಾನದ ದೊಡ್ಡ ದೋಷ. ಕಲ್ಲಿನಲ್ಲಿ ಬೀಸಿದ ಹಿಟ್ಟಿನಲ್ಲಿ ಕಲ್ಲಿನ ಪುಡಿಯೂ ಒಂದಿಷ್ಟು ಇರುವಂತೆಯೇ ಇದು.

ಬೆಂಜಮಿನ್ನನು ಮಿಶ್ರಲೋಹವನ್ನು ಕಟ್ಟಲು ಬಳಸಿದ ಈ ಕ್ರಿಯೆಯನ್ನು, ಮೊದಲೇ ಕಟ್ಟಿದ ಅಂತರ್ಲೋಹದ ಮೇಲೆ ಪ್ರಯೋಗಿಸಿದವರು ರಶಿಯದ ಎರ್ಮಾಕೋವ್ ಮತ್ತು ಅವನ ಸಂಗಡಿಗರು. ಯಿಟ್ರಿಯಂ ಮತ್ತು ಕೋಬಾಲ್ಟಿನ ಸ್ಫಟಿಕಗಳನ್ನು ಅರೆದಾಗ ಅವು ಅಸ್ಫಟಿಕವಾದುವೆಂದು ಅವರು ೧೯೮೧ರಲ್ಲಿ ಪ್ರಕಟಿಸಿದರು. ೧೯೮೩ರಲ್ಲಿ ಅಮೇರಿಕೆಯ ಓಕ್ ರಿಜ್ ಪ್ರಯೋಗಶಾಲೆಯಲ್ಲಿ ಕಾಖ್ ಮೊದಲಾದವರು ನಿಕಲ್ ಮತ್ತು ನಿಯೋಬಿಯಮಿನ ಬರಿಯ ಹುಡಿಗಳನ್ನು ಕೂಡಿಸಿ ಅರೆದು ಅದೇ ಬಗೆಯ ಗಾಜಿನಂಥ ಲೋಹವನ್ನು ಪಡೆದರು. ಅದಕ್ಕೂ ಮುಂಚೆ ಲೋಹದ ಗಾಜನ್ನು ಪಡೆಯಲು, ಕರಗಿದ ಲೋಹವನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಡಿಗ್ರಿಗಳ ವೇಗದಿಂದ ತಣಿಸಬೇಕಾಗುತ್ತಿತ್ತು. ಇಲ್ಲಿ ಕರಗಿಸುವ ಪ್ರಸಂಗವೇ ಬರಲಿಲ್ಲ.

ಆದರೆ ಎಲ್ಲ ಅಂತರ್ಲೋಹಗಳೂ ಒಂದೇ ರೀತಿಯಿಂದ ಮಣಿಯುವದಿಲ್ಲ. ಈ ಭೇದದಲ್ಲಿಯೇ ವಿಷಯದ ಸ್ವಾರಸ್ಯವಿರುವದು.

ಮೂರು ನಿಕಲ್ಲಿಗೆ ಒಂದು ಅಲ್ಯುಮಿನಿಯಮಿನಂತೆ ಕೂಡಿದ ಸ್ಫಟಿಕವನ್ನು ಅರೆದರೆ ಮೊದಲು ಕ್ಷಕಿರಣಚಿತ್ರದ ಆ ಮಸುಕಾದ ಕ್ರಮಸೂಚಕ ರೇಖೆಗಳು ಕುಂದಿ ಅಳಿದುಹೋಗುವವು. ಮುಖ್ಯ ರೇಖೆಗಳು ಉಳಿಯುವವು. ಎಂದರೆ ಪೀಠಗಳು ನಿಂತಿವೆ, ಆಸನಕ್ರಮವು ಕೆಟ್ಟಿದೆ. ನಿಕಲ್ ಮತ್ತು ಅಲ್ಯುಮಿನಿಯಮು ಸಮಸಂಖ್ಯೆಯಲ್ಲಿರುವ ಸ್ಫಟಿಕವು ಹಾಗಲ್ಲ. ಅದರಲ್ಲಿ ವಿಜಾತೀಯ ಪರಮಾಣುಗಳ ಪರಸ್ಪರಾಕರ್ಷಣವು ಬಹಳ ಬಲವಾದುದರಿಂದ (ಅದು ಕರಗಲು ೧೬೩೮ ಡಿಗ್ರಿ ಬೇಕು, ನಿಕಲ್ಲಿಗೆ ೧೪೫೫ ಡಿಗ್ರಿಯೇ ಸಾಕು) ಎಷ್ಟು ಅರೆದರೂ ಕ್ರಮದ ಬಹುಭಾಗವು ಹಾಗೆಯೇ ಉಳಿಯುವದು, ಸ್ಫಟಿಕದ ತುಣುಕುಗಳು ಮಾತ್ರ ಕಿರಿದಾಗುತ್ತ ಹೋಗುವವು. ಇನ್ನೂ ವಿಚಿತ್ರವೆಂದರೆ, ನಿಕಲ್ ಮತ್ತು ಅಲ್ಯುಮಿನಿಯಮಿನ ಹುಡಿಗಳನ್ನು ಬಿಡಿಬಿಡಿಯಾಗಿ ಹಾಕಿ ಅರೆದರೆ ಒಂದು ಕ್ಷಣದಲ್ಲಿ ಭರಣಿಯೊಳಗೆ ಹೊತ್ತಿಕೊಂಡಂತಾಗಿ, ಫಕ್ಕನೆ ಈ ಸಂಯುಕ್ತವೇ ಹುಟ್ಟುವದು. ಆ ಕ್ಷಣದ ಶಾಖದ ಏರಿಕೆಯನ್ನು ಅಟ್ಸ್‌ಮನ್ ಎಂಬವನು ೧೯೯೦ರಲ್ಲಿ ಅಳೆದು ತೋರಿಸಿದನು. ಒಂದೇ ಮರ್ದನವು ಒಂದು ಕಡೆ ಕ್ರಮವನ್ನು ಕೆಡಿಸುವದು, ಇನ್ನೊಂದು ಕಡೆ ಕ್ರಮವನ್ನು ಕಟ್ಟುವದು.

ಕಬ್ಬಿಣ-ಅಲ್ಯುಮಿನಿಯಮುಗಳ ಸಂಗತಿಯನ್ನು ತುಸು ವಿಸ್ತಾರವಾಗಿ ನೋಡತಕ್ಕದ್ದು. ಏಕೆಂದರೆ ಇಲ್ಲಿ ಕಣ್ಣಿಗೆ ಕಾಣದ ಒಳಗಿನ ವ್ಯತ್ಯಾಸವನ್ನು ಒಂದು ಅಯಸ್ಕಾಂತವು ಬಯಲಿಗೆಳೆಯುವದು. ನೂರು ಪರಮಾಣುಗಳಲ್ಲಿ ೬೦ ಕಬ್ಬಿಣ, ೪೦ ಅಲ್ಯುಮಿನಿಯಮು ಇರುವ ಮಿಶ್ರಲೋಹವನ್ನು ತೆಗೆದುಕೊಳ್ಳೋಣ. (ಉತ್ಪಲಮಾಲೆಯ ಲಘುಗುರುಗಳ ಪ್ರಮಾಣವೂ ಇಷ್ಟೇ ಆಗಿರುವದು ಕೇವಲ ಕಾಕತಾಲೀಯ.) ಕಾಸಿ ಮೆಲ್ಲಗೆ ತಣಿಸಿದ ಗಟ್ಟಿಯನ್ನು ಅಯಸ್ಕಾಂತವು ಎಳೆಯುವದಿಲ್ಲ. ಅರ್ಧಕ್ಕಿಂತ ಹೆಚ್ಚು ಕಬ್ಬಿಣವೇ ಇದ್ದರೂ ಹೀಗೇಕೆ? ಕ್ರಮಬದ್ಧವಾದ ಸ್ಫಟಿಕದಲ್ಲಿ ಮೂಲೆಯ ಕಬ್ಬಿಣದ ನೆರೆಯಲ್ಲಿರುವ ಎಂಟು ಪರಮಾಣುಗಳು ಬಹುಮಟ್ಟಿಗೆ ಅಲ್ಯುಮಿನಿಯಮಿನವೇ ಆಗಿರುವವು. ಕಬ್ಬಿಣದ ಕಾಂತಗುಣವು ಅದರ ನೆರೆಹೊರೆಯನ್ನು ಅವಲಂಬಿಸಿರುವದು. ತನ್ನವರು ಬಳಿಯಲ್ಲಿಲ್ಲದ ಕಬ್ಬಿಣವು ಮೂಕವಾಗುವದು. ಈಗ ಅದೇ ಗಟ್ಟಿಯನ್ನು ಅರದಿಂದ ಉಜ್ಜಿ ಅರಪುಡಿ ಮಾಡಿದರೆ, ಇಲ್ಲವೆ ಗುಂಡುಗಳ ಯಂತ್ರದಲ್ಲಿ ಅರೆದರೆ, ಆ ಹುಡಿಯು ಅಯಸ್ಕಾಂತಕ್ಕೆ ಅಂಟಿಕೊಳ್ಳುವದು! ಏನನ್ನೂ ಕೂಡಿಸಿಲ್ಲ, ಏನನ್ನೂ ಕಳೆದಿಲ್ಲ. ಆಸನಗಳು ಅದಲುಬದಲಾಗಿ ಕಬ್ಬಿಣಕ್ಕೆ ಕಬ್ಬಿಣದ ನೆರೆ ದೊರೆತಿದೆ. ಘನದ ಅಂಚೂ ಒಂದಿಷ್ಟು ಹಿಗ್ಗಿದೆ. ಹುಡಿಯನ್ನು ಮತ್ತೆ ಕೆಲವು ನೂರು ಡಿಗ್ರಿಗಳವರೆಗೆ ಕಾಸಿದರೆ ಪರಮಾಣುಗಳು ತಮ್ಮ ತಮ್ಮ ಪೀಠಗಳಿಗೆ ಮರಳಿ, ಕಾಂತಗುಣವು ಅಡಗುವದು. ಸವೆದ ಗುಂಡುಗಳ ಕಬ್ಬಿಣವೇ ಅಯಸ್ಕಾಂತಕ್ಕೆ ಅಂಟಿತೆಂದು ಶಂಕಿಸುವವರಿಗೆ ಈ ಮರಳುವಿಕೆಯೇ ಸಮಾಧಾನ.

ಹೊಡೆತವು ಪೀಠದಲ್ಲಿ ಕುಳಿತವರನ್ನು ಎಬ್ಬಿಸುವದು ಹೇಗೆ? ಲೋಹವು ಬಾಗುವಾಗ ಸ್ಫಟಿಕದ ಪದರಗಳು ಒಮ್ಮೆಲೇ ಜಾರುವದಿಲ್ಲ. ಹಾಸಿದ ಜಮಖಾನೆಯಲ್ಲಿ ಒಂದು ಮಡಿಕೆಯನ್ನು ಎಬ್ಬಿಸಿ ಈ ತುದಿಯಿಂದ ಆ ತುದಿಗೆ ದೂಡಿದಂತೆ, ಒಂದು ದೋಷರೇಖೆಯು ಪದರಗಳ ನಡುವೆ ಓಡುವದು. ಕ್ರಮಬದ್ಧವಾದ ಅಂತರ್ಲೋಹದಲ್ಲಿ ಇಂಥ ಒಂದು ರೇಖೆ ಓಡಿದರೆ ಅದರ ಹಿಂದೆ ಪದರವು ಒಂದು ಪೀಠದಷ್ಟು ಸರಿದು, ಕಬ್ಬಿಣದ ಎದುರಿಗೆ ಕಬ್ಬಿಣ, ಅಲ್ಯುಮಿನಿಯಮಿನ ಎದುರಿಗೆ ಅಲ್ಯುಮಿನಿಯಮು ಬಂದು ನಿಲ್ಲುವವು. ಈ ಕೆಡುಕನ್ನು ಸರಿಪಡಿಸಲು ಬೆನ್ನಹಿಂದೆಯೇ ಎರಡನೆಯ ರೇಖೆಯು ಬರಬೇಕು; ಆದುದರಿಂದ ಅಂತರ್ಲೋಹದಲ್ಲಿ ದೋಷರೇಖೆಗಳು ಜೋಡಿಯಾಗಿ ಓಡಾಡುವವು. ಗುಂಡುಗಳ ಹೊಡೆತವು ಎಲ್ಲ ದಿಕ್ಕುಗಳಿಂದ ಬೀಳತೊಡಗಿದಾಗ ಈ ಜೋಡಿಗಳು ಅಗಲುವವು, ಒಂದನ್ನೊಂದು ಕತ್ತರಿಸುವವು, ಹೆಣೆದುಕೊಳ್ಳುವವು. ಅಲ್ಲಲ್ಲಿ ಪೀಠಗಳು ಬರಿದಾಗುವವು. ಕೊನೆಗೆ ಒಂದೊಂದು ಕಣವೂ ಒಳಗೊಳಗೇ ಹತ್ತು ನ್ಯಾನೋಮೀಟರಿನಷ್ಟು ಕಿರಿದಾದ ಸ್ಫಟಿಕಖಂಡಗಳಾಗಿ ಬೇರ್ಪಡುವದು. ಅಂಥ ಖಂಡದ ಅಂಚಿನುದ್ದಕ್ಕೆ ಕಬ್ಬಿಣ-ಅಲ್ಯುಮಿನಿಯಮಿನ ಮೂವತ್ತೈದು ಘನಗಳು ಕೂಡ ಹಿಡಿಯಲಾರವು. ಒಟ್ಟು ಪರಮಾಣುಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಯಾವ ಖಂಡಕ್ಕೂ ಪೂರ್ತಿಯಾಗಿ ಸೇರದೆ ಗಡಿಗಳಲ್ಲಿಯೇ ನಿಲ್ಲುವದು. ಈ ಗಡಿಗಳಲ್ಲಿಯೂ ದೋಷರೇಖೆಗಳಲ್ಲಿಯೂ ಕೂಡಿಟ್ಟ ಶಕ್ತಿಯು ಅಸ್ಫಟಿಕ ಸ್ಥಿತಿಯ ಶಕ್ತಿಯನ್ನು ಮೀರಿತೆಂದರೆ, ಸ್ಫಟಿಕವಾಗಿ ಉಳಿಯುವದಕ್ಕಿಂತ ಕುಸಿದು ಗಾಜಾಗುವದೇ ಅದಕ್ಕೆ ಸುಲಭವಾಗುವದು.

ಕೆಡಿಸುವ ಈ ಶಕ್ತಿಯ ಸಂಗಡ ಕಟ್ಟುವ ಶಕ್ತಿಯೊಂದು ಸದಾ ಹೋರಾಡುತ್ತಿರುವದು. ಶಾಖದಿಂದ ಅಲುಗುವ ಪರಮಾಣುಗಳು ತಮ್ಮ ಪೀಠಗಳನ್ನು ಮತ್ತೆ ಹುಡುಕಿಕೊಳ್ಳುವ ಪ್ರವೃತ್ತಿಯುಳ್ಳವು. ಫ್ರಾನ್ಸಿನ ಜಾರ್ಜ್ ಮಾರ್ಟಿನ್ ಎಂಬ ಶಾಸ್ತ್ರಜ್ಞನು ೧೯೮೪ರಲ್ಲಿ ಈ ದ್ವಂದ್ವವನ್ನು ಗಣಿತರೂಪದಲ್ಲಿ ಹಿಡಿದಿಟ್ಟನು: ಹೊರಗಿನ ಬಲದಿಂದ ಸತತವಾಗಿ ಕಲಕಲ್ಪಡುವ ಮಿಶ್ರಲೋಹವು, ತನ್ನ ನಿಜವಾದ ಉಷ್ಣತೆಗಿಂತ ಹೆಚ್ಚಿನ ಉಷ್ಣತೆಯಲ್ಲಿರುವಂತೆ ವರ್ತಿಸುವದು. ತಾಮ್ರ-ಚಿನ್ನದಲ್ಲಿ ೩೯೦ ಡಿಗ್ರಿಯ ಶಾಖವು ಮಾಡುವ ಕೆಲಸವನ್ನು ಹೊಡೆತವು ತಣ್ಣಗಿನ ಭರಣಿಯಲ್ಲಿಯೇ ಏಕೆ ಮಾಡಬಲ್ಲದೆಂಬುದು ಇದರಿಂದ ತಿಳಿಯುವದು. ಅರೆಯುವ ಬಿರುಸು ಹೆಚ್ಚಿದರೆ ಕೆಡುವಿಕೆಯು ಗೆಲ್ಲುವದು. ಭರಣಿಯು ಬಿಸಿಯಾದರೆ ಕಟ್ಟುವಿಕೆಯು ಗೆಲ್ಲುವದು. ಆದರೆ ಬಿರುಸು ಹೆಚ್ಚಿದಂತೆ ಭರಣಿಯೂ ಬಿಸಿಯಾಗುವದೆಂಬುದೇ ತೊಡಕು.

ಈ ತೊಡಕನ್ನು ಬಿಡಿಸುವ ಕೆಲಸವು ಕರ್ನಾಟಕದಲ್ಲಿಯೇ ನಡೆಯಿತೆಂಬುದು ವಾಚಕರಿಗೆ ಸಂತೋಷವನ್ನುಂಟುಮಾಡತಕ್ಕ ಸಂಗತಿ. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ವಿಭಾಗವು ಸ್ಫಟಿಕಕ್ರಮದ ವಿಷಯದಲ್ಲಿ ಮೊದಲೇ ಹೆಸರು ಪಡೆದಿತ್ತು. ಶೆಖ್ಟ್‌ಮನ್ನನು ಕಂಡುಹಿಡಿದ, ಆವರ್ತನವಿಲ್ಲದೆಯೂ ಕ್ರಮವುಳ್ಳ ವಿಲಕ್ಷಣ ಸ್ಫಟಿಕಗಳ ಸುದ್ದಿಯು ೧೯೮೪ರಲ್ಲಿ ಪ್ರಕಟವಾದ ಮರುವರ್ಷವೇ, ಆ ಜಾತಿಯ ದಶಭುಜ ಪ್ರಭೇದವನ್ನು ಅಲ್ಯುಮಿನಿಯಮು-ಮ್ಯಾಂಗನೀಸುಗಳಲ್ಲಿ ಕಂಡವರಲ್ಲಿ ಇಲ್ಲಿಯ ಚಟ್ಟೋಪಾಧ್ಯಾಯ, ರಂಗನಾಥನ್ ಮೊದಲಾದವರು ಸೇರಿದ್ದರು. ಅದೇ ವಿಭಾಗದಲ್ಲಿ ಬಿ. ಎಸ್. ಮೂರ್ತಿ, ಎಂ. ಮೋಹನರಾವ್, ಎಸ್. ರಂಗನಾಥನ್ ಈ ಮೂವರು ಟೈಟೇನಿಯಂ-ನಿಕಲ್ ಮತ್ತು ಟೈಟೇನಿಯಂ-ತಾಮ್ರಗಳ ಹುಡಿಗಳನ್ನು ಬೇರೆ ಬೇರೆ ವೇಗಗಳಿಂದಲೂ ಬೇರೆ ಬೇರೆ ತೂಕದ ಗುಂಡುಗಳಿಂದಲೂ ಅರೆದು, ೧೯೯೫ರಲ್ಲಿ 'ಮರ್ದನದ ನಕಾಶೆ'ಗಳನ್ನು ಪ್ರಕಟಿಸಿದರು. ಒಂದೊಂದು ಹೊಡೆತದ ಶಕ್ತಿಯೆಷ್ಟು, ಒಟ್ಟು ಉಣಿಸಿದ ಶಕ್ತಿಯೆಷ್ಟು ಎಂಬ ಎರಡು ಅಳತೆಗಳ ಮೇಲೆ ಆ ನಕಾಶೆಯನ್ನು ಬರೆದಿದೆ. ಅದರಲ್ಲಿ ಅಸ್ಫಟಿಕ ವಸ್ತುವು ದೊರೆಯುವ ಪ್ರದೇಶಕ್ಕೆ ಕೆಳಗೂ ಮೇಲೂ ಎಲ್ಲೆಗಳುಂಟು. ಹೊಡೆತವು ಅಲ್ಪವಾದರೆ ಕ್ರಮವು ಕೆಡದು. ಅತಿಯಾದರೆ ಹುಟ್ಟಿದ ಶಾಖವು ಕೆಟ್ಟುದನ್ನು ಮತ್ತೆ ಸ್ಫಟಿಕವಾಗಿ ಕಟ್ಟುವದು. ಅಲ್ಲಿಯವರೆಗೆ ಒಂದೇ ಮಿಶ್ರಲೋಹದ ವಿಷಯದಲ್ಲಿ ಒಂದು ಪ್ರಯೋಗಶಾಲೆಯವರು ಗಾಜು ಬಂತೆಂದೂ ಇನ್ನೊಂದರವರು ಬರಲಿಲ್ಲವೆಂದೂ ಹೇಳುತ್ತಿದ್ದುದು ಪರಸ್ಪರ ವಿರುದ್ಧವಾಗಿ ತೋರುತ್ತಿತ್ತು. ಇಬ್ಬರೂ ನಿಜವನ್ನೇ ಹೇಳಿರಬಹುದು. ನಕಾಶೆಯಲ್ಲಿ ಅವರು ನಿಂತ ಸ್ಥಳಗಳು ಬೇರೆ. ಮೂರ್ತಿ ಮತ್ತು ರಂಗನಾಥನ್ನರು ೧೯೯೮ರಲ್ಲಿ ಈ ಇಡೀ ಕ್ಷೇತ್ರದ ಸಮೀಕ್ಷೆಯನ್ನೂ ಬರೆದರು.

ಇಷ್ಟನ್ನು ಓದಿದ ಕೂಡಲೆ ಸಂಸ್ಕೃತಜ್ಞರಾದ ವಾಚಕರಿಗೆ ಖಲ್ವಯಂತ್ರದ ನೆನಪಾಗದೆ ಇರದು. ಪಾದರಸವನ್ನೂ ಗಂಧಕವನ್ನೂ ಖಲ್ವದಲ್ಲಿ ಹಾಕಿ, ಹೊಳೆಯುವ ರಸದ ಕಣವೊಂದೂ ಕಾಣದಂತಾಗುವವರೆಗೆ ದಿನಗಟ್ಟಲೆ ಅರೆದರೆ ಕಾಡಿಗೆಯಂತೆ ಕಪ್ಪಾದ ಹುಡಿಯಾಗುವದು. ಆದುದರಿಂದಲೇ ಅದಕ್ಕೆ ಕಜ್ಜಲಿಯೆಂದು ಹೆಸರು. ಅದನ್ನು ಕಾಚಕೂಪಿಯಲ್ಲಿ ತುಂಬಿ ವಾಲುಕಾಯಂತ್ರದಲ್ಲಿ ಕಾಸಿದರೆ ಕೂಪಿಯ ಕೊರಳಿನಲ್ಲಿ ಕೆಂಪಾದ ರಸಸಿಂದೂರವು ಹೆಪ್ಪುಗಟ್ಟುವದು. ಕ್ಷಕಿರಣಪರೀಕ್ಷೆಯು ಹೇಳುವಂತೆ ಕಜ್ಜಲಿಯಲ್ಲಿಯೂ ಸಿಂದೂರದಲ್ಲಿಯೂ ಇರುವ ಸಂಯುಕ್ತವು ಒಂದೇ, ಪಾದರಸದ ಒಂದು ಪರಮಾಣುವಿಗೆ ಗಂಧಕದ ಒಂದು. ಕಪ್ಪಿನದರ ಸ್ಫಟಿಕವು ಘನಾಕೃತಿಯದು, ಕೆಂಪಿನದರದು ತ್ರಿಕೋಣಾಶ್ರಿತ. ಸಾಮಾನ್ಯ ಉಷ್ಣತೆಯಲ್ಲಿ ಸ್ಥಿರವಾದುದು ಕೆಂಪು. ಮರ್ದನವು ಅಸ್ಥಿರವಾದ ಕಪ್ಪುರೂಪವನ್ನು ಹುಟ್ಟಿಸಿ ಹಾಗೆಯೇ ನಿಲ್ಲಿಸುವದು. ಬೆಂಕಿಯು ಅದನ್ನು ಸ್ಥಿರರೂಪಕ್ಕೆ ತರುವದು. ಅರೆಯುವದರಿಂದ ಸ್ಫಟಿಕದ ಬಗೆಯು ನಿರ್ಣಯವಾಗುವದಕ್ಕೆ ಇದಕ್ಕಿಂತ ಹಳೆಯ, ಇದಕ್ಕಿಂತ ಪರಿಚಿತವಾದ ದೃಷ್ಟಾಂತವು ನಮ್ಮ ದೇಶದಲ್ಲಿ ಸಿಕ್ಕಲಾರದು. ಗ್ರೀಸಿನಲ್ಲಿಯಾದರೋ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಥಿಯೊಫ್ರಾಸ್ಟಸ್‌ನು ಇಂಗುಲಿಕವನ್ನು ತಾಮ್ರದ ಖಲ್ವದಲ್ಲಿ ಹುಳಿಯ ಸಂಗಡ ಅರೆದು ಪಾದರಸವನ್ನು ಬಿಡಿಸುವದನ್ನು ಬರೆದಿಟ್ಟಿದ್ದಾನೆ.

ಆದರೆ ಇಲ್ಲಿಂದ ಮುಂದಕ್ಕೆ ಹೆಜ್ಜೆಯಿಡುವಾಗ ಜಾಗರೂಕತೆಯು ಬೇಕು. ರಸಾಚಾರ್ಯರು ಅಣುರಚನೆಯನ್ನು ಬಲ್ಲವರಾಗಿದ್ದರು, ಅವರ ಭಸ್ಮಗಳೇ ಇಂದಿನ ನ್ಯಾನೋವಸ್ತುಗಳು ಎಂಬ ಮಾತು ಈಚೆಗೆ ವ್ಯಾಖ್ಯಾನಗಳಲ್ಲಿಯೂ ನುಸುಳುತ್ತಿದೆ. ಗ್ರಂಥಾರ್ಥವನ್ನು ನಿರ್ಣಯಿಸುವವರು ಇದನ್ನು ಒಪ್ಪಲು ಆಧಾರವಿಲ್ಲ. 'ರೇಖಾಪೂರ್ಣ'ವೆಂಬ ಪರೀಕ್ಷೆಯನ್ನು ನೋಡಿರಿ: ಭಸ್ಮವು ಬೆರಳಿನ ಗೆರೆಗಳ ಸಂದಿನಲ್ಲಿ ತುಂಬಿಕೊಳ್ಳಬೇಕು. ಆ ಸಂದು ಮಿಲ್ಲಿಮೀಟರಿನ ಹತ್ತನೆಯ ಭಾಗದ ಆಸುಪಾಸಿನದು. ಮರ್ದನದಿಂದ ಹುಟ್ಟುವ ಸ್ಫಟಿಕಖಂಡವು ಅದರ ಹತ್ತುಸಾವಿರದ ಒಂದು ಪಾಲು. ಪರೀಕ್ಷೆಯು ಉತ್ತಮವಾದುದೇ, ಆದರೆ ಅದು ಅಳೆಯುವದು ಹುಡಿಯ ಕಣವನ್ನು. ಕಣದೊಳಗಿನ ಖಂಡವು ಅದಕ್ಕೆ ಗೋಚರಿಸದು. ಮತ್ತೊಂದು ಲೆಕ್ಕವನ್ನೂ ನೋಡಬಹುದು. ನೂರು ತೊಲೆ ಪಾದರಸವು ಹಿಡಿಯಬಲ್ಲ ಗಂಧಕವು ಹದಿನಾರು ತೊಲೆ. ಸಮಭಾಗದ ಕಜ್ಜಲಿಯಲ್ಲಿ ಎಂಬತ್ತನಾಲ್ಕು ತೊಲೆ ಗಂಧಕವು ಸಂಯುಕ್ತದೊಳಗೆ ಸೇರದೆ ಹೊರಗೇ ಉಳಿಯುವದು. ತೂಕದ ಈ ವಿಧಿಗೆ ಕಾರಣವನ್ನು ಪರಮಾಣುಪ್ರಮಾಣದಲ್ಲಿ ಹುಡುಕುವದು ವ್ಯರ್ಥ. ಆಚಾರ್ಯರ ಕೈಗೆ ಬಂದದ್ದು ಕ್ರಿಯೆ ಮತ್ತು ಅದರ ಫಲದ ಸೂಕ್ಷ್ಮವಾದ ನಿರೀಕ್ಷಣೆ; ಅದೇ ಸಾಕಷ್ಟು ದೊಡ್ಡದು. ಸ್ಫಟಿಕದ ರೂಪವು ಬದಲಾದ ಮಾತ್ರಕ್ಕೆ ಪಾದರಸವು ಪಾದರಸವಲ್ಲವಾಗುವದಿಲ್ಲವೆಂಬುದನ್ನೂ ಔಷಧದ ಪ್ರಸಂಗದಲ್ಲಿ ಮರೆಯತಕ್ಕದ್ದಲ್ಲ. ಇದಲ್ಲದೆ ಗಂಧಕವು ಲೋಹವಲ್ಲವಾದುದರಿಂದ ಕಜ್ಜಲಿಯನ್ನು ಅಂತರ್ಲೋಹವೆನ್ನುವಂತಿಲ್ಲ. ಖಲ್ವದಲ್ಲಿ ನಿಜವಾದ ಅಂತರ್ಲೋಹವು ಹುಟ್ಟುವದು ಮಕರಧ್ವಜಕ್ಕಾಗಿ ಚಿನ್ನದ ತಗಡನ್ನು ಪಾದರಸದ ಸಂಗಡ ಮೊದಲು ಅರೆಯುವಾಗ. ದಂತವೈದ್ಯರು ಹಲ್ಲಿನ ಕುಳಿಗೆ ತುಂಬುವದಕ್ಕಾಗಿ ಬೆಳ್ಳಿ-ತವರಗಳ ಹುಡಿಯನ್ನು ಪಾದರಸದೊಡನೆ ಕಲಸುವಾಗ ಆಗುವದೂ ಅದೇ ಜಾತಿಯ ಕ್ರಿಯೆ.

ಯಂತ್ರಮರ್ದನಕ್ಕೆ ಭರಣಿಯೂ ಗುಂಡುಗಳೂ ಇರಲೇಬೇಕೆಂಬ ನಿಯಮವಿಲ್ಲ. ನೈಋತ್ಯ ರೈಲ್ವೆಯ ಮುಖ್ಯ ಕಚೇರಿಯುಳ್ಳ ಹುಬ್ಬಳ್ಳಿಯು ೨೦೨೩ರಲ್ಲಿ ಉದ್ಘಾಟಿತವಾದ, ೧೫೦೭ ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಿಂದ ಲೋಕಪ್ರಸಿದ್ಧವಾಗಿದೆ. ಅದರ ಬದಿಯ ಹಳಿಗಳು ಯಾರ ಗಮನವನ್ನೂ ಸೆಳೆಯುವದಿಲ್ಲ. ಹಳಿಯ ಉಕ್ಕಿನಲ್ಲಿ ನೂರಕ್ಕೆ ಸುಮಾರು ೦.೭ ಪಾಲು ಇಂಗಾಲವಿದ್ದು, ಅದರ ಬಹುಭಾಗವು ಸಿಮೆಂಟೈಟ್ ಎಂಬ ಬಿರುಸಾದ ಸಂಯುಕ್ತದ ತೆಳುಪದರಗಳಲ್ಲಿ ಅಡಗಿರುವದು. ಇಂಗಾಲವು ಲೋಹವಲ್ಲದಿದ್ದರೂ, ಮೂರು ಕಬ್ಬಿಣಕ್ಕೆ ಒಂದು ಇಂಗಾಲದ ಈ ಸ್ಫಟಿಕವನ್ನು ಲೋಹಶಾಸ್ತ್ರದ ಪಾಠಪುಸ್ತಕಗಳು ಅಂತರ್ಲೋಹಗಳ ಪಂಕ್ತಿಯಲ್ಲಿಯೇ ಕೂಡ್ರಿಸುವದುಂಟು. ಸರಕುಗಾಡಿಯ ಒಂದು ಗಾಲಿಯು ಹಳಿಯನ್ನು ಮುಟ್ಟುವ ಸ್ಥಳವು ಹೆಬ್ಬೆರಳಿನ ಉಗುರಿನಷ್ಟು. ಅದರ ಮೇಲೆ ಬೀಳುವ ಭಾರವು ಹತ್ತು ಟನ್ನಿಗೆ ಕಡಿಮೆಯಿಲ್ಲ. ಮರ್ಮಗೋವೆಯ ಬಂದರದ ಕಲ್ಲಿದ್ದಲು ಹೊತ್ತ ಗಾಡಿಗಳು ಹಾಯುವ ಹಳಿಗೂ, ಜಗತ್ತಿನ ಇನ್ನಾವ ಹಳಿಗೂ ಈ ವಿಷಯದಲ್ಲಿ ಭೇದವಿಲ್ಲ. ಲಕ್ಷಾಂತರ ಗಾಲಿಗಳು ಹಾಯ್ದ ಮೇಲೆ ಕೆಲವು ಹಳಿಗಳ ನೆತ್ತಿಯಲ್ಲಿ ಕೂದಲೆಳೆಯಷ್ಟು ತೆಳುವಾದ ಒಂದು ಪದರವು ಮೂಡುವದು. ಆಮ್ಲವನ್ನು ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಉಳಿದ ಉಕ್ಕು ಕಪ್ಪಾಗಿ, ಅದು ಮಾತ್ರ ಬೆಳ್ಳಗೆ ಕಾಣುವದರಿಂದ ಅದಕ್ಕೆ ಶ್ವೇತಪದರವೆಂದು ಹೆಸರು. ಅದರ ಕಾಠಿಣ್ಯವು ಹಳಿಯ ಉಕ್ಕಿನ ಎರಡು ಮೂರುಪಟ್ಟು. ಅದರೊಳಗೆ ಸಿಮೆಂಟೈಟಿನ ಪದರಗಳು ಕಾಣೆಯಾಗಿ, ಇಂಗಾಲವು ಕಬ್ಬಿಣದಲ್ಲಿ ಕರಗಿ, ನ್ಯಾನೋಮೀಟರುಗಳ ಅಳತೆಯ ಖಂಡಗಳಾಗಿರುವದು. ಜಪಾನಿನ ಉಮೆಮೋಟೊ ಮೊದಲಾದವರು ಇಂಗಾಲಯುಕ್ತ ಉಕ್ಕನ್ನು ಗುಂಡುಗಳ ಯಂತ್ರದಲ್ಲಿ ಅರೆದಾಗ ದೊರೆತದ್ದೂ ಬಹುತರವಾಗಿ ಇಂಥದೇ ವಸ್ತು.

ಇದು ಹೊಡೆತದ ಕೆಲಸವೇ, ಇಲ್ಲವೆ ಗಾಲಿಯು ಜಾರಿದಾಗ ಕ್ಷಣಮಾತ್ರ ಏಳುವ ಶಾಖದ ಕೆಲಸವೇ ಎಂಬ ವಿಷಯದಲ್ಲಿ ಲೋಹಶಾಸ್ತ್ರಜ್ಞರಲ್ಲಿ ಎರಡು ಪಕ್ಷಗಳಿವೆ. ಸಿಮೆಂಟೈಟಿನ ಒಡೆದ ತುಣುಕುಗಳು ಕಂಡುಬಂದ ಸ್ಥಳಗಳು ಮೊದಲನೆಯ ಪಕ್ಷಕ್ಕೆ ಬಲಕೊಡುವವು. ಕಾಸಿ ಫಕ್ಕನೆ ತಣಿಸಿದ ಉಕ್ಕಿನ ಲಕ್ಷಣಗಳು ಕಂಡುಬಂದ ಸ್ಥಳಗಳು ಎರಡನೆಯದಕ್ಕೆ. ಎರಡೂ ಕಾರಣಗಳು ಬೇರೆ ಬೇರೆ ಸ್ಥಳಗಳಲ್ಲಿ ಬೇರೆ ಬೇರೆ ಪ್ರಮಾಣದಿಂದ ಕೂಡಿರುವವೆಂಬ ಮತವು ಹೆಚ್ಚು ಯುಕ್ತವೆಂದು ತೋರುವದು. ಬೆಂಗಳೂರಿನ ನಕಾಶೆಯಲ್ಲಿ ಕಂಡ ಬಿರುಸು ಮತ್ತು ಬಿಸಿಗಳ ಕಲಹವೇ ಇಲ್ಲಿಯೂ ನಡೆದಿರುವದು. ವಾದವು ಹೇಗಿದ್ದರೂ ಆ ಪದರವು ಭಂಗುರವಾದುದು. ಬಿರುಕುಗಳು ಅಲ್ಲಿಂದಲೇ ಹೊರಟು ಹಳಿಯ ಒಡಲಿಗೆ ಇಳಿಯುವವು. ಆದುದರಿಂದ ಹಳಿಯ ನೆತ್ತಿಯನ್ನು ಕಾಲಕಾಲಕ್ಕೆ ಉಜ್ಜುವ ಯಂತ್ರಗಾಡಿಗಳನ್ನು ಓಡಿಸಿ ಅದನ್ನು ತೆಗೆದುಹಾಕುವರು. ಆದರೆ ಆ ಸಾಣೆಯನ್ನು ಬಿರುಸಾಗಿ ಒತ್ತಿದರೆ, ಉಜ್ಜಿದ ಗೆರೆಗಳ ಉದ್ದಕ್ಕೂ ಅದೇ ಬೆಳ್ಳನೆಯ ಪದರವು ಹೊಸದಾಗಿ ಮೂಡುವದು.